ನಳಿಗೆಗೆ ನಂಬರ್ ಕೊಡಿ, ಬಂದೂಕು ಅನ್ನಬೇಡಿ

ತುರುವೇಕೆರೆ ಕಡೆ ನಿಮಗೊಂದು ತೆಂಗಿನ ತೋಟ ಇದೆ ಅನ್ನಿ. ಹಂದಿ ಬೆದರಿಸೋಕೆ ತಾತನ ಕಾಲದ ಬಂದೂಕು ಒಂದು, ನಳಿಗೆ ಬದಲಿಸಬಹುದಾದ ರೈಫಲ್ ಒಂದು. ಎರಡಕ್ಕೂ ಲೈಸೆನ್ಸ್ ಇದೆ. 2019ರ ತಿದ್ದುಪಡಿ ಒಬ್ಬರಿಗೆ ಮೂರಿದ್ದ ಮಿತಿಯನ್ನು ಎರಡಕ್ಕೆ ಇಳಿಸಿತು. 1959ರ ಶಸ್ತ್ರಾಸ್ತ್ರ ಕಾಯ್ದೆಯ ವ್ಯಾಖ್ಯೆಯಲ್ಲಿ ಬಂದೂಕಿನ ಬಿಡಿಭಾಗವೂ ಬಂದೂಕೇ. ಹಾಗಾದ್ರೆ ಬೀರುವಿನಲ್ಲಿರೋ ಇನ್ನೊಂದು ನಳಿಗೆ ಮೂರನೇ ಬಂದೂಕಾ?

ಅಲ್ಲ ಅಂತೀನಿ ನಾನು. ಬರೀ ನಳಿಗೆಯಿಂದ ಗುಂಡು ಹಾರಲ್ಲ. ಹಾಗಂತ ಲೆಕ್ಕಕ್ಕೇ ಬೇಡ ಅನ್ನೋದೂ ತಪ್ಪು; ನಳಿಗೆ ಬದಲಾದ್ರೆ ಗುಂಡಿನ ಅಳತೆಯೇ ಬದಲಾಗಬಹುದು. ಟ್ರ್ಯಾಕ್ಟರಿನ ಟ್ರೇಲರ್‌ಗೂ ಬೇರೆ ನಂಬರ್ ಇರುತ್ತೆ, ಅದನ್ನು ಎರಡನೇ ಟ್ರ್ಯಾಕ್ಟರ್ ಅಂತ ಯಾರೂ ಎಣಿಸಲ್ಲ. ಪ್ರತಿ ನಳಿಗೆಯ ನಂಬರ್ ಲೈಸೆನ್ಸಿನಲ್ಲಿರಲಿ, ಮಿತಿಗೆ ರೈಫಲ್ ಒಂದೇ ಆಗಲಿ. ಜೈಲಿಗೆ ಕಳಿಸೋ ಪ್ರಶ್ನೆಗೆ ಉತ್ತರ ಕಾನೂನಿನಲ್ಲಿರಬೇಕು, ಕಚೇರಿಯ ಮರ್ಜಿಯಲ್ಲಲ್ಲ.