ಸಕ್ಕರೆ ಶಿಬಿರದಲ್ಲಿ ಮೂತ್ರದ ಬಾಟ್ಲಿ ಯಾಕಿಲ್ಲ?

ಅಂಗಡಿ ಬಾಗಿಲು ತೆಗೆಯೋ ಮುಂಚೆ ಲ್ಯಾಬಿನಲ್ಲಿ ರಕ್ತ ಕೊಟ್ಟು, ಸಂಜೆ ಬಸ್ಸು ಹಿಡಿಯುವಾಗ ರಿಪೋರ್ಟು ಜೇಬಿಗಿಳಿಸುವ ಸಕ್ಕರೆ ಕಾಯಿಲೆಯವರು ನಮ್ಮೂರಲ್ಲಿ ಎಷ್ಟೋ ಮಂದಿ. ಕ್ರಿಯಾಟಿನಿನ್ 1.2 ಅಂತಿದ್ದು, ಪಕ್ಕದಲ್ಲಿ 'ನಾರ್ಮಲ್' ಅಂತಿದ್ದರೆ ಮುಗೀತು. ಕಿಡ್ನಿ ಗಟ್ಟಿ ಇದೆ ಅಂತ ಆ ರಾತ್ರಿ ನೆಮ್ಮದಿ ನಿದ್ದೆ.

ಈ 1.2 ಅನ್ನೋದೇ ಮಳ್ಳಿ ಅಂಕಿ. 25ರ ಹುಡುಗನಿಗೆ ಅದು ಬಂದರೆ ಕಿಡ್ನಿಯ ಸೋಸುವ ಶಕ್ತಿ, ಅಂದರೆ ಡಾಕ್ಟರುಗಳ ಇಜಿಎಫ್‌ಆರ್, ಸುಮಾರು 86. 60ರ ಹೆಂಗಸಿಗೆ ಅದೇ 1.2 ಬಂದರೆ ಬರೀ 52! 15ಕ್ಕಿಂತ ಇಳಿದರೆ ಡಯಾಲಿಸಿಸ್ ಮಾತು ಶುರು. ಈ ಲೆಕ್ಕಕ್ಕೆ ವಯಸ್ಸು, ಗಂಡೋ ಹೆಣ್ಣೋ ಎಂಬುದು, ಕ್ರಿಯಾಟಿನಿನ್ ಇಷ್ಟಿದ್ದರೆ ಸಾಕು. ಆದರೂ ಎಷ್ಟೋ ರಿಪೋರ್ಟಿನಲ್ಲಿ ಅಚ್ಚಾಗೋದಿಲ್ಲ.

ಇದಕ್ಕಿಂತ ದೊಡ್ಡ ಉದಾಸೀನ ಮೂತ್ರದ್ದು. ಸಕ್ಕರೆಯಿಂದ ಕಿಡ್ನಿಯ ಜರಡಿ ಹರಿಯತೊಡಗಿದರೆ ಅನೇಕರಲ್ಲಿ ಮೊದಲು ಆಲ್ಬುಮಿನ್ ಎಂಬ ಪ್ರೋಟೀನು ಮೂತ್ರದಲ್ಲಿ ಸೋರುತ್ತೆ. ಕ್ರಿಯಾಟಿನಿನ್ ಏರೋದು ವರ್ಷಗಳ ಮೇಲೆ. ನೋವಿಲ್ಲ, ಉರಿಯಿಲ್ಲ. ಒಂದು ಗ್ರಾಂ ಕ್ರಿಯಾಟಿನಿನ್‌ಗೆ ಆಲ್ಬುಮಿನ್ 30 ಮಿಲಿಗ್ರಾಂ ದಾಟಿದರೆ ಎಚ್ಚರ, 300 ದಾಟಿದರೆ ಗಂಡಾಂತರ. ಇಜಿಎಫ್‌ಆರ್ 60ಕ್ಕಿಂತ ಕೆಳಗಿಳಿದವರಿಗೆ 2011ರಲ್ಲಿ ಡಾ. ತಂಗ್ರಿ ಮತ್ತು ಸಂಗಡಿಗರು ಕೆನಡಾದ ರೋಗಿಗಳ ದಾಖಲೆಯಿಂದ ಒಂದು ಸೂತ್ರ ಕಟ್ಟಿದರು. ವಯಸ್ಸು, ಲಿಂಗ, ಇಜಿಎಫ್‌ಆರ್, ಮೂತ್ರದ ಆಲ್ಬುಮಿನ್ ಹಾಕಿದರೆ ಐದು ವರ್ಷದೊಳಗೆ ಕಿಡ್ನಿ ಕೈಕೊಡುವ ಸಂಭವ ನೂರಕ್ಕೆ ಎಷ್ಟು ಅಂತ ಅದು ಹೇಳುತ್ತೆ. ಕಣಿಯಲ್ಲ, ಅಂದಾಜು. ಆದರೆ ಮೂತ್ರವನ್ನೇ ನೋಡದಿದ್ದರೆ ಅಂದಾಜಿಗೂ ಗತಿಯಿಲ್ಲ.

ಮೊದಲೇ ಗೊತ್ತಾಗಿ ಮಾಡೋದೇನು, ಸುಮ್ಮನೆ ಹೆದರೋದಾ ಅಂತ ಕೇಳುವವರಿದ್ದಾರೆ. ಮಾಡೋಕಿದೆ ಸ್ವಾಮಿ! ಲೊಸಾರ್ಟಾನ್ ಮಾತ್ರೆ ಕಿಡ್ನಿ ಕೆಡೋದನ್ನ ನಿಧಾನ ಮಾಡುತ್ತೆ ಅಂತ 2001ರಲ್ಲೇ ಸಾಬೀತಾಯ್ತು. ಡಾಪಾಗ್ಲಿಫ್ಲೋಜಿನ್ ವಿಷಯ 2020ರಲ್ಲಿ. ಆಮೇಲೆ ನಮ್ಮ ದೇಶದಲ್ಲಿ ಅದರ ಪೇಟೆಂಟ್ ಮುಗಿದು ಬೆಲೆಯೂ ಇಳಿಯಿತು. ಡಾಕ್ಟರು ಬರೆದುಕೊಡಬೇಕು ಅನ್ನಿ. ಮಂಡಿನೋವಿಗೆ ಮೆಡಿಕಲ್ ಶಾಪಿನಲ್ಲಿ ಕೇಳಿ ನುಂಗೋ ಗುಳಿಗೆಯನ್ನಂತೂ ಇವತ್ತೇ ಬಿಡಬಹುದು.

ಬಡವರಿಗೆ ಜಿಲ್ಲಾಸ್ಪತ್ರೆಯಲ್ಲಿ ಪುಕ್ಕಟೆ ಡಯಾಲಿಸಿಸ್ ಅಂತ ಕೇಂದ್ರ ಸರಕಾರ 2016ರಲ್ಲಿ ಯೋಜನೆ ತಂದಿತು. ಒಳ್ಳೇದೇ. ಆದರೆ ವಾರಕ್ಕೆ ಎರಡು ಮೂರು ಸಲ, ಸಲಕ್ಕೆ ನಾಲ್ಕು ಗಂಟೆ ಮಲಗಿದರೆ ಗಲ್ಲಾಪೆಟ್ಟಿಗೆ ಮೇಲೆ ಯಾರು ಕೂರಬೇಕು? ಮಷೀನು ಉದ್ಘಾಟನೆಯಾದರೆ ಹಾರ ತುರಾಯಿ ಬೀಳುತ್ತೆ. ಮೂತ್ರದ ಬಾಟ್ಲಿಗೆ ಯಾರು ಟೇಪು ಕತ್ತರಿಸ್ತಾರೆ!

ಮುಂದಿನ ಸಕ್ಕರೆ ಶಿಬಿರದವರು ಬೆರಳು ಚುಚ್ಚಿ, ಬಿಸ್ಕತ್ತು ಕೊಟ್ಟು ಕಳಿಸಬಾರದು. ವರ್ಷಕ್ಕೊಮ್ಮೆಯಾದರೂ ಆಲ್ಬುಮಿನ್ ನೋಡಬೇಕು. ಲ್ಯಾಬಿನವರು ಕ್ರಿಯಾಟಿನಿನ್ ಕೆಳಗೆ ಇಜಿಎಫ್‌ಆರ್ ಅಚ್ಚು ಹಾಕಲಿ. ಹಾಕದಿದ್ದರೆ ದುಡ್ಡು ಕೊಡೋ ಮುಂಚೆ ಕೌಂಟರಿನಲ್ಲೇ ಕೇಳಿ.