ಬಿಡುವಿನ ರಾತ್ರಿ ಬೀದಿ ಸುತ್ತುವ ಕಲಾವಿದರು

ಗಣೇಶನ ಹಬ್ಬ ಬಂತೆಂದರೆ ನಮ್ಮಲ್ಲಿ ರಸಮಂಜರಿಗಳ ಸುಗ್ಗಿ. ಅದು ಮುಗಿಯುವಷ್ಟರಲ್ಲಿ ರಾಜ್ಯೋತ್ಸವ, ಆಮೇಲೆ ಊರ ಜಾತ್ರೆಗಳು. ಆರ್ಕೆಸ್ಟ್ರಾದವರಿಗೆ ತಿಂಗಳುಗಟ್ಟಲೆ ತಿರುಗಾಟ. ಇವತ್ತು ದಾವಣಗೆರೆಯಾದರೆ ಮೂರನೆಯ ದಿನ ಹೊಸಪೇಟೆ. ನಡುವೆ ಒಂದೆರಡು ದಿನ ಕಾರ್ಯಕ್ರಮವಿಲ್ಲದ ಬಿಡುವು. ಮನೆಗೆ ಹೋಗಿ ಬರುವಷ್ಟು ಸಮಯವಿರುವುದಿಲ್ಲ, ಲಾಡ್ಜಿನಲ್ಲೇ ಠಿಕಾಣಿ. ವೇದಿಕೆಯ ಮೇಲೆ ಇವರನ್ನು ನೀವು ನೋಡಿದ್ದೀರಿ. ಬಿಡುವಿನ ರಾತ್ರಿ ಇವರು ಏನು ಮಾಡುತ್ತಾರೆಂದು ಯೋಚಿಸಿದ್ದೀರಾ? ಹಲವರಿಗೆ ನಿದ್ದೆಯೇ ಬರುವುದಿಲ್ಲ. ಅವರಲ್ಲಿ ಕೆಲವರು ಚಪ್ಪಲಿ ಮೆಟ್ಟಿಕೊಂಡು ಒಬ್ಬರೇ ಬೀದಿಗೆ ಇಳಿಯುತ್ತಾರೆ.

ಈಚೆಗೆ ಕೀಬೋರ್ಡ್ ವಾದಕನೊಬ್ಬನ ತಾಯಿ ನನ್ನ ಬಳಿ ಬಂದಿದ್ದರು. "ಡಾಕ್ಟ್ರೇ, ಗುರುತಿಲ್ಲದ ಊರಲ್ಲಿ ರಾತ್ರಿ ಒಂದು ಗಂಟೆಗೆ ಒಬ್ಬನೇ ತಿರುಗ್ತಾನಂತೆ. ಗಾಳಿ ಸೋಕಿದೆಯೋ, ತಲೆ ಕೆಟ್ಟಿದೆಯೋ ಗೊತ್ತಾಗ್ತಿಲ್ಲ. ನಿದ್ದೆ ಮಾತ್ರೆ ಬರೆದುಕೊಡಿ, ಕಳಿಸಿಕೊಡ್ತೀನಿ" ಎಂದರು. ನಾನು ಬರೆದುಕೊಡಲಿಲ್ಲ. ಇದು ನಿದ್ದೆಯಲ್ಲೇ ಎದ್ದು ನಡೆಯುವ ಕಾಯಿಲೆಯಲ್ಲ. ಎಚ್ಚರವಿರುವ ಮನುಷ್ಯ ತಿಳಿದೇ ನಡೆಯುತ್ತಿದ್ದಾನೆ. ಆ ಹುಡುಗನ ಮುಂದಿದ್ದ ದಾರಿಗಳಲ್ಲಿ ಅವನು ಆರಿಸಿಕೊಂಡದ್ದೇ ಮೇಲು ಎಂಬುದು ನನ್ನ ಅಭಿಪ್ರಾಯ.

ಯಾಕೆಂದು ಹೇಳುತ್ತೇನೆ. ಮಿದುಳಿನ ಹೈಪೊಥಲಮಸ್ ಎಂಬ ಭಾಗದಲ್ಲಿ ಸುಮಾರು 20,000 ನರಕೋಶಗಳ ಒಂದು ಪುಟ್ಟ ಗುಂಪಿದೆ. ಅದೇ ನಮ್ಮ ದೇಹದ ಗಡಿಯಾರ. ಈ ಗಡಿಯಾರ ಜೀವಕೋಶದೊಳಗೆ ಹೇಗೆ ನಡೆಯುತ್ತದೆಂದು ಕಂಡುಹಿಡಿದ ಮೂವರು ಅಮೆರಿಕನ್ ವಿಜ್ಞಾನಿಗಳಿಗೆ 2017ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಕತ್ತಲಾದಂತೆ ಮೆಲಟೋನಿನ್ ಎಂಬ ಹಾರ್ಮೋನು ಹೆಚ್ಚುತ್ತದೆ, ಮೈ ಕೊಂಚ ತಣ್ಣಗಾಗುತ್ತದೆ, ನಿದ್ದೆ ಬರುತ್ತದೆ. ಕಲಾವಿದನಿಗಾದರೋ ಅದೇ ಹೊತ್ತಿಗೆ ಕಣ್ಣು ಕೋರೈಸುವ ದೀಪ, ಸಾವಿರಾರು ಜನರ ಶಿಳ್ಳೆ, ಮೈಯೆಲ್ಲ ಅಡ್ರಿನಾಲಿನ್. ಕಾರ್ಯಕ್ರಮ ಮುಗಿಸಿ, ಸಾಮಾನು ಕಟ್ಟಿ, ಊಟ ಮಾಡುವಾಗ ಎರಡು ಗಂಟೆ. ಹೀಗೆ ವಾರಗಟ್ಟಲೆ ನಡೆದರೆ ಗಡಿಯಾರವೇ ಹಿಂದಕ್ಕೆ ಸರಿಯುತ್ತದೆ. ಬಿಡುವಿನ ದಿನ ಅದನ್ನು ಥಟ್ಟನೆ ಹತ್ತು ಗಂಟೆಗೆ ತಿರುಗಿಸಿಡಲು ಬರುವುದಿಲ್ಲ; ಅದು ದಿನಕ್ಕೆ ಹೆಚ್ಚೆಂದರೆ ಒಂದು ಗಂಟೆಯಷ್ಟು ಜರುಗುತ್ತದೆ. ನೀವು ಸಂಜೆ ಏಳಕ್ಕೆ ಮಲಗಲು ಹೊರಟರೆ ಹೇಗೋ ಹಾಗೆ ಅವನ ಸ್ಥಿತಿ.

ಆಗ ಲಾಡ್ಜಿನ ಕೋಣೆಯಲ್ಲಿ ಎರಡು 'ಔಷಧಿ'ಗಳು ಸುಲಭವಾಗಿ ಸಿಗುತ್ತವೆ. ಮೊದಲನೆಯದು ಗ್ಲಾಸು. ಮದ್ಯ ಬೇಗ ಕಣ್ಣು ಮುಚ್ಚಿಸುತ್ತದೆ, ನಿಜ. ಆದರೆ ಮೂರು ನಾಲ್ಕು ಗಂಟೆಯಲ್ಲಿ ಅಮಲಿಳಿದಂತೆ ನಿದ್ದೆ ಚೂರು ಚೂರು. ಬಾಯಾರಿಕೆ, ಗೊರಕೆ, ಎದೆಯುರಿ, ಮೂತ್ರಕ್ಕೆ ಏಳುವುದು. ಬೆಳಿಗ್ಗೆ ದಣಿವು ಹಾಗೇ ಇರುತ್ತದೆ, ಮರುರಾತ್ರಿ ಅಳತೆ ಹೆಚ್ಚುತ್ತದೆ. ಎರಡನೆಯದು ಯಾರೋ ಸ್ನೇಹಿತ ಕೊಟ್ಟ ಮಾತ್ರೆ. ಆಲ್‌ಪ್ರಜೋಲಾಮ್‌ನಂಥವು ಕೆಲವೇ ವಾರಗಳಲ್ಲಿ ಅಭ್ಯಾಸವಾಗಿ ಅಂಟಿಕೊಳ್ಳುತ್ತವೆ. ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂಬ ಕಾನೂನು ಅದಕ್ಕಾಗಿಯೇ ಇದೆ. ಎರಡನ್ನೂ ಒಟ್ಟಿಗೆ ತೆಗೆದುಕೊಂಡರೆ ಉಸಿರಾಟವೇ ನಿಲ್ಲಬಹುದು. ನೆಗಡಿಯ ಮಾತ್ರೆ ನುಂಗಿ ಮಲಗುವವರೂ ಇದ್ದಾರೆ. ಅದರ ಮಂಪರು ಮರುದಿನವೂ ಉಳಿಯುತ್ತದೆ, ಅಂಥವನು ತಂಡದ ವ್ಯಾನು ಓಡಿಸಿದರೆ ಏನಾದೀತು ಯೋಚಿಸಿ.

ಇವುಗಳ ಪಕ್ಕದಲ್ಲಿ ನಡಿಗೆಯನ್ನಿಟ್ಟು ನೋಡಿ. ತಡವಾಗಿ ಪರೋಟ, ಎಗ್ ರೈಸ್ ತಿಂದವನು ಕೂಡಲೇ ಅಡ್ಡಾಗುವ ಬದಲು ಅರ್ಧ ಗಂಟೆ ನಿಧಾನ ನಡೆದರೆ ಹುಳಿತೇಗು ಕಡಿಮೆ. ಸ್ನಾಯುಗಳು ರಕ್ತದ ಸಕ್ಕರೆಯನ್ನು ಬಳಸಿಕೊಳ್ಳುತ್ತವೆ. ಹಾಸಿಗೆಯಲ್ಲಿ ಹೊರಳುತ್ತ ಗಡಿಯಾರ ನೋಡುವವನಿಗೆ ನಿದ್ದೆ ಇನ್ನೂ ದೂರ ಹೋಗುತ್ತದೆ. ಎದ್ದುಬಿಡಿ ಎಂದೇ ನಾವು ಹೇಳುವುದು. ಮೇಲಾಗಿ ಇಡೀ ದಿನ ಹತ್ತು ಜನರೊಡನೆ ಒಂದೇ ವ್ಯಾನಿನಲ್ಲಿ, ಮೂವರೊಡನೆ ಒಂದೇ ಕೋಣೆಯಲ್ಲಿ ಇರುವವನಿಗೆ ಒಬ್ಬನೇ ಇರಲು ಸಿಗುವ ಜಾಗ ಬೀದಿಯೊಂದೇ. ಇಂಗ್ಲಿಷ್ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್ ನಿದ್ದೆ ಬಾರದೆ ಲಂಡನ್ನಿನ ಬೀದಿಗಳನ್ನು ರಾತ್ರಿಯಿಡೀ ಸುತ್ತಿದವನು. 1860ರಲ್ಲಿ ಅದರ ಬಗ್ಗೆ ಪ್ರಬಂಧವನ್ನೇ ಬರೆದ. ಅವನಷ್ಟು ದೂರ ನಡೆಯಬೇಕಾಗಿಲ್ಲ. ಬೆವರು ಸುರಿಯುವಂತೆ ಬೀಸುಗಾಲು ಹಾಕಿದರೆ ಮೈ ಬಿಸಿಯಾಗಿ ನಿದ್ದೆ ಮತ್ತಷ್ಟು ತಡವಾಗುತ್ತದೆ. ಚಹಾದಂಗಡಿ ತೆರೆದಿದ್ದರೂ ಚಹಾ ಬೇಡ.

ಹೋಗುವವರು ಕೋಣೆಯ ಜೊತೆಗಾರನಿಗೆ ಹೇಳಿ ಹೋಗಲಿ. ಜೇಬಿನಲ್ಲಿ ಲಾಡ್ಜಿನ ಚೀಟಿ, ಗುರುತಿನ ಚೀಟಿ ಇರಲಿ. ಬೀಟ್ ಪೊಲೀಸರು ಕೇಳಿದರೆ ಇದ್ದದ್ದನ್ನು ಹೇಳಿದರಾಯಿತು. ತಿಳಿ ಬಣ್ಣದ ಅಂಗಿ, ದೀಪವಿರುವ ಬೀದಿ. ಹೆದ್ದಾರಿಯ ಕಡೆ ಬೇಡವೇ ಬೇಡ. ನಾಯಿಗಳು ಬೊಗಳಿದರೆ ಓಡಬೇಡಿ. ಕಚ್ಚಿದರೆ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ತಡಮಾಡದೆ ಸರ್ಕಾರಿ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿಕೊಳ್ಳಿ. 'ಊರಿಗೆ ಹೋದ ಮೇಲೆ ನೋಡೋಣ' ಎನ್ನುವ ಕಾಯಿಲೆಯಲ್ಲ ಅದು. ಅಂದ ಹಾಗೆ, ಇಷ್ಟೆಲ್ಲ 'ಅವನು' ಎಂದೇ ಬರೆದೆ. ತಂಡದ ಗಾಯಕಿಗೂ ಅದೇ ಅಡ್ರಿನಾಲಿನ್, ಅದೇ ನಿದ್ದೆಗೇಡು. ಅವಳಿಗೆ ಮಾತ್ರ ಲಾಡ್ಜಿನ ವರಾಂಡವೇ ಗತಿ. ಇದು ಅವಳ ತಪ್ಪಲ್ಲ, ನಮ್ಮ ಊರುಗಳದ್ದು.

ಮನೆಯವರು ಗಾಬರಿಯಾಗಬೇಕಾದ ಸಂದರ್ಭ ಬೇರೆಯೇ ಇದೆ. ಎರಡು ಮೂರು ಗಂಟೆಯಷ್ಟೇ ಮಲಗಿಯೂ ದಣಿವೇ ಕಾಣದೆ, ದಿನಗಟ್ಟಲೆ ಅತಿಯಾದ ಮಾತು, ಕಂಡಾಬಟ್ಟೆ ಖರ್ಚು ಮಾಡುತ್ತಿದ್ದರೆ. ಅಥವಾ ಫೋನಿನಲ್ಲಿ ದನಿ ಸಪ್ಪಗಾಗಿ, ಊಟ ಸೇರದೆ, 'ನಾನಿದ್ದು ಏನು ಪ್ರಯೋಜನ' ಎಂಬಂಥ ಮಾತು ಬಂದರೆ ತಡಮಾಡಬೇಡಿ. ಅಂಥವನನ್ನು ರಾತ್ರಿ ಒಬ್ಬನೇ ಬಿಡಬಾರದು. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಗೆ 14416ಕ್ಕೆ ಯಾವ ಊರಿನಿಂದಲಾದರೂ, ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

ಇನ್ನೊಂದು ಮಾತು ಆ ತಾಯಿಗೂ ಹೇಳಿದೆ. ಮಗ ಈ ಸಲ ಫೋನು ಮಾಡಿದಾಗ 'ಯಾಕೆ ತಿರುಗ್ತೀಯಾ' ಎನ್ನುವ ಬದಲು 'ಸದ್ದಿಲ್ಲದ ಬೀದಿಯಲ್ಲಿ ಕಿವಿ ಗುಂಯ್ ಅನ್ನುತ್ತದಾ' ಎಂದು ಕೇಳಿ. ಹಗಲಿನ ಗಲಾಟೆಯಲ್ಲಿ ಗೊತ್ತಾಗದ್ದು ರಾತ್ರಿಯ ಮೌನದಲ್ಲಿ ಕೇಳಿಸುತ್ತದೆ. 85 ಡೆಸಿಬೆಲ್ ಸದ್ದನ್ನು ದಿನಕ್ಕೆ 8 ಗಂಟೆ ತಾಳಬಹುದೆಂಬುದು ಒಂದು ಲೆಕ್ಕ. ಸದ್ದು 3 ಡೆಸಿಬೆಲ್ ಏರಿದಂತೆಲ್ಲ ಆ ಅವಧಿ ಅರ್ಧವಾಗುತ್ತದೆ. 100 ಡೆಸಿಬೆಲ್‌ಗೆ ಬರುವಾಗ ಕಾಲು ಗಂಟೆ ಅಷ್ಟೇ. ಸ್ಪೀಕರಿನ ಪಕ್ಕ ಮೂರು ಗಂಟೆ ನಿಲ್ಲುವವರ ಗತಿ? ಒಳಕಿವಿಯ ಸೂಕ್ಷ್ಮ ಕೂದಲುಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಬಿಡುವಿನ ದಿನವೂ ಆ ಸದ್ದು ನಿಲ್ಲದಿದ್ದರೆ ಕಿವಿ ತಜ್ಞರಲ್ಲಿ ಶ್ರವಣ ಪರೀಕ್ಷೆ ಮಾಡಿಸಬೇಕು. ಹತ್ತಿ ತುರುಕಿಕೊಂಡರೆ ಸಾಲದು. ಔಷಧಿ ಅಂಗಡಿಯಲ್ಲಿ ಸಿಗುವ ಫೋಮಿನ ಕಿವಿ ಬಿರಡೆಯನ್ನು ಹೊಸೆದು, ಕಿವಿಯೊಳಗೆ ಸರಿಯಾಗಿ ಕೂರಿಸಿಕೊಂಡು ವೇದಿಕೆ ಹತ್ತಲಿ.