ಸನ್ಮಾನದಾಚೆಯ ಗೋಷ್ಠಿ

1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರ ರಾಜ್ಯಕ್ಕೆ ಸೇರಿದವು. ಗಡಿನಾಡಿನ ಕನ್ನಡವನ್ನು ಕುರಿತ ಉಪನ್ಯಾಸಗಳು ಇಂದಿಗೂ ಬಹುಮಟ್ಟಿಗೆ ಆ ಅಗಲಿಕೆಯನ್ನೇ ನೆನೆದು, ಸನ್ಮಾನದೊಂದಿಗೆ ಮುಗಿಯುತ್ತವೆ. ಅದು ಸಾಲದು. ಮಳೆ ಕೈಕೊಟ್ಟ ವರ್ಷ ಕೋಸಿಗಿ, ಆಲೂರುಗಳ ಸುತ್ತಿನ ಕುಟುಂಬಗಳು ಮೆಣಸಿನಕಾಯಿ ಬಿಡಿಸಲು ಗುಂಟೂರಿನತ್ತ ಗುಳೆ ಹೋಗುತ್ತವೆ, ಜೊತೆಯಲ್ಲಿ ಮಕ್ಕಳೂ. ಕನ್ನಡ ಶಾಲೆಯ ಮಗು ಹಾಗೆ ಹೊರಟಾಗ, ಓದಿನೊಂದಿಗೆ ಅದರ ಕನ್ನಡದ ಅಕ್ಷರವೂ ಕೈತಪ್ಪುತ್ತದೆ. ಗುಳೆ, ತುಂಗಭದ್ರಾ ಕಾಲುವೆಯ ಕೊನೆಯಂಚಿನ ಹೊಲಗಳ ನೀರು, ಹತ್ತಿ ಮಾರುಕಟ್ಟೆಯ ಹಮಾಲರ ಕೂಲಿ, ಇವನ್ನು ತೆಲುಗು, ಉರ್ದು ನೆರೆಯವರೊಡನೆ ಕುಳಿತು ಕನ್ನಡದಲ್ಲಿಯೂ ಚರ್ಚಿಸುವ ಗೋಷ್ಠಿಗಳು ಬೇಕು. ಅಲ್ಲಿ ಮಾತನಾಡುವವರೆಲ್ಲ ಪ್ರಾಧ್ಯಾಪಕರೇ ಆಗಬೇಕಿಲ್ಲ. ಗುಳೆಯಿಂದ ಮರಳಿದ ಕೂಲಿಕಾರ ಮಹಿಳೆಗೆ ಹತ್ತು ನಿಮಿಷ ಮೀಸಲಿಡಬಹುದು. ಹಾರ, ಶಾಲುಗಳನ್ನು ಕೈಬಿಟ್ಟರೆ ಅಷ್ಟು ಹೊತ್ತು ಸುಲಭವಾಗಿ ಉಳಿದೀತು.